ರಘುಪತಿ ಭಟ್ಟರ ಅಡಿಗೆಮನೆಗೆ ಬಂದ ಸಮುದ್ರ

ರಘುಪತಿ ಭಟ್ಟರು ಕೂತದ್ದನ್ನು ಕಂಡವರು ಮುಂಬೈ ಪಕ್ಕದ ಠಾಣೆ ಜಿಲ್ಲೆಯಲ್ಲಿ ಯಾರೂ ಇಲ್ಲ. ಮದುವೆಯ ಮಂಟಪದಲ್ಲಿಯೂ ಅವರು ಅರ್ಧ ಎದ್ದುಕೊಂಡೇ ಇದ್ದರಂತೆ. ಧಾರೆಯ ನೀರು ಕೈಗೆ ಬೀಳುವ ಬದಲು ಪುರೋಹಿತರ ಕಾಲಿಗೆ ಬಿತ್ತೆಂದು ಅವರ ಹೆಂಡತಿ ರಮಾಮಣಿಯಮ್ಮ ಇಂದಿಗೂ ಹೇಳುತ್ತಾರೆ. ಲೋಕಲ್ ರೈಲಿನಲ್ಲಿ ಸೀಟು ಸಿಕ್ಕರೆ ಜನ ಮನೆದೇವರಿಗೆ ಕೈಮುಗಿಯುತ್ತಾರೆ. ಭಟ್ಟರು ಸಿಕ್ಕ ಸೀಟನ್ನು ಪಕ್ಕದವನಿಗೆ ಕೊಟ್ಟು, ಬಾಗಿಲ ಬಳಿ ನಿಂತು ಕಾಲು ಕುಣಿಸುತ್ತಿದ್ದರು. ಆ ಕುಣಿತಕ್ಕೆ ಗಾಡಿ ಕಲ್ಯಾಣ ಸ್ಟೇಷನ್ನನ್ನು ಎರಡು ನಿಮಿಷ ಮುಂಚೆ ಮುಟ್ಟುತ್ತಿತ್ತು ಎಂಬುದು ಅತಿಶಯೋಕ್ತಿ. ಒಂದೇ ನಿಮಿಷ.

ಹುಟ್ಟಿದ ಜಾಗವೇ ಅಂಥದ್ದು. ಉಡುಪಿಯಿಂದ ಬಡಗಲಾಗಿ, ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ಅವರ ಮನೆ. ಅಲ್ಲಿ ಮರಳದಿಬ್ಬವೂ ಒಂದು ಕಡೆ ನಿಲ್ಲುವುದಿಲ್ಲ. ಈ ವರ್ಷ ತೆಂಕಲಿಗಿದ್ದದ್ದು ಬರುವ ವರ್ಷ ಬಡಗಲಿಗೆ. ಹದಿಹರೆಯದಲ್ಲಿ ಸೋದರಮಾವನ ಹಿಂದೆ ದೇವಸ್ಥಾನದ ಸಂತರ್ಪಣೆಗಳಿಗೆ ಸೌಟು ಹಿಡಿದು ಹೊರಟವರು ಅಡಿಗೆ ಕಲಿತರು. ಜೊತೆಗೆ ಅಲ್ಲಿಯ ಒಂದು ನೇಮವನ್ನೂ ಕಲಿತರು. ದೇವರಿಗೆ ನೈವೇದ್ಯವಾಗುವ ಅಡಿಗೆಯ ರುಚಿಯನ್ನು ಅಡಿಗೆಯವನು ನೋಡುವಂತಿಲ್ಲ, ನೋಡಿದರೆ ಎಂಜಲು. ಹುಳಿ ಹದವಾಯಿತೋ ಎಂದು ಮೂಗು ಹೇಳಬೇಕು, ಬೇಳೆ ಬೆಂದಿತೋ ಎಂದು ಕೊಪ್ಪರಿಗೆಯ ಸದ್ದು ಕೇಳಿ ಕಿವಿ ಹೇಳಬೇಕು, ಉಪ್ಪು ಎಷ್ಟೆಂದು ಮುಷ್ಟಿ ಹೇಳಬೇಕು. ನಾಲಿಗೆಗೆ ಅಡಿಗೆಮನೆಯಲ್ಲಿ ಮಾತಾಡುವುದೊಂದೇ ಕೆಲಸ.

ಮುಂಬೈ ಕಡೆಗೆ ಬಂದು ಹೋಟೆಲು ಸೇರಿದ ಮೇಲೂ ಭಟ್ಟರು ಆ ನೇಮ ಬಿಡಲಿಲ್ಲ. ಹೋಟೆಲಿನಲ್ಲಿ ಯಾವ ದೇವರಿಗೆ ನೈವೇದ್ಯ ಎಂದು ಯಾರಾದರೂ ಕೇಳಿದರೆ, "ಗಲ್ಲೆಯ ಮೇಲೆ ಗಣಪತಿ ಇಲ್ವಾ ಮಾರಾಯ್ರೆ?" ಎನ್ನುತ್ತಿದ್ದರು. ಹೋಟೆಲಿನ ಊಟವನ್ನು ಅವರು ಉಣ್ಣುತ್ತಲೂ ಇರಲಿಲ್ಲ. ದಿನವಿಡೀ ವಾಸನೆ ತೆಗೆದುಕೊಂಡೇ ಹೊಟ್ಟೆ ತುಂಬಿರುತ್ತಿತ್ತು. ಮನೆಗೆ ಹೋಗಿ ಗಂಜಿ, ಉಪ್ಪಿನಕಾಯಿ. ಅವರ ಮೂಗಾದರೋ ಮೂಗು! ಠಾಣೆ ಸ್ಟೇಷನ್ನಿನಲ್ಲಿ ನಿಂತು ಡೊಂಬಿವಲಿಯಲ್ಲಿ ಯಾರ ಮನೆಯ ಹಾಲು ಉಕ್ಕಿತೆಂದು ಹೇಳಬಲ್ಲ ಮೂಗು, ಗಾಳಿ ಸರಿಯಾಗಿದ್ದರೆ.

ಕೈಗುಣವಿತ್ತು, ಕಾಲುಗುಣವಿರಲಿಲ್ಲ. ಡೊಂಬಿವಲಿಯ ಕಾರ್ಖಾನೆಗಳ ಪಕ್ಕದ ಹೋಟೆಲನ್ನು ಬಿಟ್ಟದ್ದು ಗಲ್ಲೆಯವನು ಶಿಳ್ಳೆ ಹಾಕುತ್ತಾನೆಂದು. ಕಲ್ಯಾಣದ್ದನ್ನು ಬಿಟ್ಟದ್ದು ಗಲ್ಲೆಯವನು ಬಾಯಿಯೇ ಬಿಡುವುದಿಲ್ಲವೆಂದು. ವರ್ತಕ ನಗರದಲ್ಲಿ ಇಡ್ಲಿ ಪಾತ್ರೆ ಎಡಕ್ಕೆ ವಾಲುತ್ತಿತ್ತು. ಮಾಜಿವಾಡಾದಲ್ಲಿ ಒಂದು ದೋಷವೂ ಇರಲಿಲ್ಲ. ದೋಷವಿಲ್ಲದ ಜಾಗದಲ್ಲಿ ಏನೋ ಮೋಸ ಇರಲೇಬೇಕೆಂದು ಅದನ್ನೂ ಬಿಟ್ಟರು. ಪ್ರತಿ ಸಲವೂ ರಮಾಮಣಿಯಮ್ಮ ಸಂಸಾರವನ್ನು ಮಡಚಿ ಟೆಂಪೋ ಹತ್ತಬೇಕು, ಮಗಳು ಪ್ರಣೀತಾ ಹೊಸ ಶಾಲೆಗೆ ಸೇರಬೇಕು. ಆ ಹುಡುಗಿ ಒಂದು ಶಾಲೆಯ ಯೂನಿಫಾರಮ್ಮಿನಲ್ಲಿ ಇನ್ನೊಂದು ಶಾಲೆಯ ಪ್ರಾರ್ಥನೆ ಹಾಡಿ ಬೈಸಿಕೊಂಡದ್ದೂ ಉಂಟು.

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಐರೋಲಿಗೆ ಬಂದಾಗ ರಮಾಮಣಿಯಮ್ಮ ಪಾತ್ರೆಯ ಗೋಣಿಯನ್ನು ನೆಲಕ್ಕಿಟ್ಟು, ಬಿಚ್ಚುವ ಮೊದಲೇ ಹೇಳಿದರು:

"ಇದು ಕಡೆಯದ್ದು, ಕೇಳಿತಾ? ಇವಳ ಹತ್ತನೇ ಕ್ಲಾಸು ಮುಗಿಯುವವರೆಗೆ ನಾನು ಈ ಗೋಣಿ ಪುನಃ ಕಟ್ಟುದಿಲ್ಲ. ನಿಮ್ಮ ಕಾಲು ತುರಿಸಿದ್ರೆ ನೀವೊಬ್ಬರೇ ಹೋಗಿ. ನಾವಿಬ್ಬರು ಬರುದಿಲ್ಲ."

"ನಾನೆಂತ ಹೋಗ್ತೇನೆ ಅಂತ ಹೇಳಿದ್ನಾ?"

"ನೀವು ಹೇಳುದು ಬೇಡ. ಕಾಲು ನೋಡಿ."

ಕಾಲು ಆಗಲೇ ಕುಣಿಯುತ್ತಿತ್ತು.

ಹೊಸ ಹೋಟೆಲು ಮಧ್ವರಾಜರದ್ದು. ಸೆಕ್ಟರಿನ ಕಟ್ಟಕಡೆಗೆ, ಹಿಂದುಗಡೆ ಒಂದು ನಾಲಾ, ನಾಲಾದಾಚೆ ಕಾಂಡ್ಲಾ ಗಿಡಗಳ ಕೆಸರು, ಅದರಾಚೆ ಸಮುದ್ರದ ತೋಳಿನಂತೆ ಒಳನುಗ್ಗಿದ ಠಾಣೆಯ ಖಾಡಿ. ಭಟ್ಟರ ಸಾಂಬಾರು ಅಲ್ಲಿ ಹೆಸರು ಮಾಡಿತು. ಒಗ್ಗರಣೆಯ ಪರಿಮಳ ಖಾಡಿ ದಾಟಿ ಮುಲುಂಡಿಗೆ ಹೋಗಿ, ಅಲ್ಲಿಯ ಜನ ತಪ್ಪು ಬಸ್ಸು ಹತ್ತಿ ಐರೋಲಿಯಲ್ಲಿ ಇಳಿಯುತ್ತಿದ್ದರು. ಇಡೀ ಒಂಬತ್ತು ತಿಂಗಳು ಭಟ್ಟರಿಗೆ ಬಿಡಲು ಒಂದು ಕಾರಣವೂ ಸಿಗಲಿಲ್ಲ. ಪ್ರಣೀತಾ ಮೊದಲ ಬಾರಿಗೆ ಒಂದು ಶಾಲೆಯಲ್ಲಿ ಗೆಳತಿಯರ ಹುಟ್ಟುಹಬ್ಬ ನೆನಪಿಡುವಷ್ಟು ದಿನ ಉಳಿದಳು.

ಆಮೇಲೆ ಪಕ್ಕದ ಖಾಲಿ ಜಾಗದಲ್ಲಿ ಯಾವುದೋ ಟವರಿಗೆ ಪಾಯ ಹೊಡೆಯತೊಡಗಿದರು. ಧಡ್ ಧಡ್ ಎಂದು ನೆಲ ನಡುಗಿ ಲೋಟದ ಕಾಫಿ ತಾನೇ ನೊರೆಯಾಗುತ್ತಿತ್ತು. ಶಿವರಾತ್ರಿ ಕಳೆದು ಅಮಾವಾಸ್ಯೆ ಬಂತು. ಆ ದಿನ ಭಟ್ಟರ ಬೇಳೆ ಬೇಯಲಿಲ್ಲ.

ಬೇಯಲಿಲ್ಲವೆಂದರೆ ಬೇಯಲೇ ಇಲ್ಲ. ಕುಕ್ಕರ್ ಶಿಳ್ಳೆಯ ಮೇಲೆ ಶಿಳ್ಳೆ ಹೊಡೆದು ದಣಿಯಿತು. ಮುಚ್ಚಳ ತೆಗೆದರೆ ತೊಗರಿಬೇಳೆ ಅಂಗಡಿಯಿಂದ ಬಂದ ಹಾಗೆಯೇ ಠೀವಿಯಿಂದ ಕೂತಿತ್ತು. ಮೇಲಾಗಿ ಉಂಡವರೆಲ್ಲ ಒಂದೇ ಮಾತು: ಉಪ್ಪು ಜಾಸ್ತಿ. ಮಧ್ವರಾಜರು ಗಲ್ಲೆಯಿಂದ ಇಳಿದು ಒಳಗೆ ಬಂದರು.

"ಎಂತ ಭಟ್ರೇ, ಸಾಂಬಾರಾ, ಉಪ್ಪಿನಕಾಯಿಯ ರಸವಾ?"

"ನನ್ನ ಮುಷ್ಟಿ ನಿನ್ನೆ ಎಷ್ಟಿತ್ತೋ ಇವತ್ತೂ ಅಷ್ಟೇ ಉಂಟು ಧಣಿ."

"ಒಮ್ಮೆ ನಾಲಿಗೆಗೆ ಬಿಟ್ಟು ನೋಡಿ ಅಲ್ವಾ?"

"ಅದೊಂದು ಹೇಳ್ಬೇಡಿ. ನಾಲಿಗೆ ಸುಳ್ಳು ಹೇಳ್ತದೆ. ಮೂಗು ಹೇಳುದಿಲ್ಲ."

ಮೂಗಿಗೆ ಎಲ್ಲ ಸರಿಯಾಗಿಯೇ ಇತ್ತು. ಎರಡು ಮೂರು ದಿನ ಕಳೆದದ್ದೇ ಬೇಳೆಯೂ ಸರಿಹೋಯಿತು. ಹುಣ್ಣಿಮೆ ಬಂತು, ಮತ್ತೆ ಅದೇ ಪಾಡು. ಬೇಳೆಯ ವ್ಯಾಪಾರಿಯನ್ನು ಬದಲಿಸಿದರು, ಕುಕ್ಕರಿನ ರಬ್ಬರು ಬದಲಿಸಿದರು, ಭಟ್ಟಿಯನ್ನು ಮೂಲೆಯಿಂದ ಮೂಲೆಗೆ ಎಳೆದಾಡಿ ಅಡಿಗೆಮನೆಗೆ ಪ್ರದಕ್ಷಿಣೆ ಹಾಕಿಸಿದರು. ಅಮಾವಾಸ್ಯೆಗೂ ಹುಣ್ಣಿಮೆಗೂ ಬೇಳೆ ಕಲ್ಲು, ಸಾಂಬಾರು ಉಪ್ಪು. ಇದರ ನಡುವೆ ನೀರಿನ ಪಂಪಿಗೂ ತುಕ್ಕು ಹಿಡಿದು ಎರಡು ಸಲ ರಿಪೇರಿಯಾಯಿತು. ಪಾತ್ರೆ ತಿಕ್ಕುವ ಶರಣಬಸಮ್ಮ ಬೇರೆ ಒಂದೇ ಸಮ ಗೊಣಗುತ್ತಿದ್ದಳು. ಕಲಬುರಗಿ ಕಡೆಯ ಹೆಂಗಸು. ಸೂರ್ಯ ಪೂರ್ವಕ್ಕೆ ಹುಟ್ಟಿದರೂ "ಇಷ್ಟು ಲಗೂ ಯಾಕ ಹುಟ್ಟಿದಿ" ಎಂದು ಅವನನ್ನೂ ಬಯ್ಯುವವಳು. "ಸಾಬಣ ನೊರಿನೇ ಬರಾಂಗಿಲ್ರಿ, ಕೈ ಮುರ್ದು ಹೋತು" ಎಂಬ ಅವಳ ಮಾತು ಫ್ಯಾನಿನ ಸದ್ದಿನ ಹಾಗೆ ಯಾರ ಕಿವಿಗೂ ಬೀಳುತ್ತಿರಲಿಲ್ಲ.

ನಮ್ಮ ಕರಾವಳಿಯ ಹೋಟೆಲಿನವರಿಗೆ ತಿಥಿ ನೋಡಿ ಬರುವ ಕಷ್ಟವೆಂದರೆ ಉತ್ತರ ಸಿದ್ಧವೇ ಇರುತ್ತದೆ. ಮಧ್ವರಾಜರು ಜೋಯಿಸರಿಗೆ ಫೋನು ಮಾಡಿದರು. ಜೋಯಿಸರು ಕವಡೆ ಮಗುಚಿ, "ಅಡಿಗೆಯವರ ಪಿತೃಗಳಿಗೆ ತೃಪ್ತಿ ಇಲ್ಲ" ಎಂದರು. ಅಮಾವಾಸ್ಯೆಯ ತರ್ಪಣವನ್ನು ಭಟ್ಟರು ಮನೆಯಲ್ಲಿ ಬಿಡದೆ ಮಾಡುತ್ತಿದ್ದದ್ದು ನಿಜ. ಆದರೆ ಮಾಡುತ್ತಿದ್ದ ವೇಗಕ್ಕೆ ಅಪ್ಪ ಅಜ್ಜಂದಿರು ಕೈಯೊಡ್ಡುವುದರೊಳಗೆ ಎಳ್ಳುನೀರು ಮುಗಿದಿರುತ್ತಿತ್ತು. ಜ್ಯೇಷ್ಠದ ಅಮಾವಾಸ್ಯೆಗೆ ಎರಡು ದಿನ ರಜೆ ಹಾಕಿ, ನಾಸಿಕಕ್ಕೆ ಹೋಗಿ, ಗೋದಾವರಿಯಲ್ಲಿ ನಿಂತು ಸಾವಧಾನವಾಗಿ ಎಲ್ಲವನ್ನೂ ಮಾಡಿಬಂದರು.

ಏನಾಶ್ಚರ್ಯ! ಅವರು ತಿರುಗಿ ಬರುವಷ್ಟರಲ್ಲಿ ಮಳೆ ಹಿಡಿಯಿತು. ಮುಂದಿನ ಹುಣ್ಣಿಮೆಗೆ ಬೇಳೆ ಬೆಣ್ಣೆಯಾಯಿತು. ಅದರ ಮುಂದಿನ ಅಮಾವಾಸ್ಯೆಗೂ ಬೆಣ್ಣೆ. ಆಷಾಢ, ಶ್ರಾವಣ, ಭಾದ್ರಪದ ಎಲ್ಲವೂ ಸುಸೂತ್ರ. ಜೋಯಿಸರ ಕೀರ್ತಿ ವಾಶಿಯಿಂದ ಪನ್ವೇಲಿನವರೆಗೆ ಹಬ್ಬಿ, ಇಡ್ಲಿ ಉಬ್ಬದವರೂ ದೋಸೆ ಏಳದವರೂ ಪಿತೃಗಳ ವಿಚಾರಣೆಗೆ ತೊಡಗಿದರು.

ಮಳೆ ನಿಂತು ದೀಪಾವಳಿ ಬಂತು. ಅಮಾವಾಸ್ಯೆಯ ದಿನ, ಹೋಟೆಲು ತುಂಬ ಜನ, ಹೊರಗೆ ಸಾಲು. ಬೇಳೆ ಕಲ್ಲು. ಸಾಂಬಾರು ಉಪ್ಪು.

ಅಂದಿನಿಂದ ಭಟ್ಟರಿಗೆ ನೆಲ ಬಿಸಿಯಾಯಿತು. ಪಿತೃಗಳೂ ಕೈಬಿಟ್ಟ ಮೇಲೆ ಉಳಿದದ್ದು ಒಂದೇ: ತನ್ನ ಕೈಯೇ ಹೋಯಿತು. ರಾತ್ರಿ ಮಲಗಿದಲ್ಲೇ ಮುಷ್ಟಿ ಬಿಗಿದು ಬಿಚ್ಚಿ ನೋಡಿಕೊಳ್ಳುತ್ತಿದ್ದರು. ಮಧ್ವರಾಜರು ಸಭ್ಯರು; ಬಯ್ಯಲಿಲ್ಲ. "ಭಟ್ರೇ, ನಿಮಗೂ ವಯಸ್ಸಾಯ್ತು. ಇನ್ನೊಬ್ಬರನ್ನು ನೋಡುವನಾ ಅಂತ ಉಂಟು" ಎಂದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಪನ್ವೇಲಿನಲ್ಲಿ ಹೊಸ ಹೋಟೆಲು ತೆರೆಯುವ ಪರಿಚಯದವನೊಬ್ಬ ಆಗಲೇ ಕರೆಯುತ್ತಿದ್ದ. ಕಾರ್ತಿಕದ ಅಮಾವಾಸ್ಯೆಯ ಬೆಳಿಗ್ಗೆ ಭಟ್ಟರು ಎದ್ದವರೇ ಬ್ಯಾಗಿಗೆ ಎರಡು ಪಂಚೆ, ಪಂಚಪಾತ್ರೆ, ಎಳ್ಳಿನ ಪೊಟ್ಟಣ ತುಂಬಿದರು.

"ಹೊರಟಿರಾ?" ಎಂದರು ರಮಾಮಣಿಯಮ್ಮ.

"ಅವರು ತೆಗೆಯುವ ಮೊದಲು ನಾನೇ ಬಿಡುದು ಮರ್ಯಾದೆ. ಪನ್ವೇಲಿನಲ್ಲಿ ರೂಮು ಕೊಡ್ತಾರಂತೆ. ನೀವು ಆಮೇಲೆ ಬನ್ನಿ."

"ನಾನು ಅಂದೇ ಹೇಳಿದ್ದೇನೆ."

ಪ್ರಣೀತಾ ಪುಸ್ತಕದಿಂದ ತಲೆಯೆತ್ತದೆ ಹೇಳಿದಳು: "ಪಪ್ಪಾ, ಮೀ ನಾಹೀ ಯೇಣಾರ್. ಮಾರ್ಚಲ್ಲಿ ಬೋರ್ಡ್ ಉಂಟು." ಸಿಟ್ಟು ಬಂದರೆ ಅವಳ ಬಾಯಲ್ಲಿ ಮೊದಲು ಬರುವುದು ಮರಾಠಿ. ಬರುವುದಿಲ್ಲವೆಂಬುದು ಯಾವ ಭಾಷೆಯಲ್ಲಾದರೂ ಬರುವುದಿಲ್ಲವೆಂದೇ.

ಭಟ್ಟರು ಮನೆಯ ತರ್ಪಣವನ್ನೂ ಮಾಡದೆ, ಬ್ಯಾಗು ಹಿಡಿದು ಹೋಟೆಲಿಗೆ ನಡೆದರು. ಇಡೀ ದಾರಿ ಒಂದು ಕಾಲು ಪನ್ವೇಲಿಗೆ ಎಳೆಯುತ್ತಿತ್ತು, ಇನ್ನೊಂದು ಮನೆಗೆ. ಆದ್ದರಿಂದಲೇ ಸೀದಾ ಹೋಟೆಲಿಗೆ ಮುಟ್ಟಿದರು.

ಮಧ್ವರಾಜರು ಇನ್ನೂ ಬಂದಿರಲಿಲ್ಲ. ಕೆಲಸ ಬಿಡುವ ದಿನವಾದರೂ ಅಮಾವಾಸ್ಯೆ ಅಮಾವಾಸ್ಯೆಯೇ. ಹಿತ್ತಲಿನಲ್ಲಿ ಪಾತ್ರೆ ತೊಳೆಯುವ ಕಲ್ಲಿನ ಬಳಿ ತಣ್ಣೀರು ಸುರಿದುಕೊಂಡು ಮಿಂದರು. ಅಡಿಗೆಮನೆಯ ನಲ್ಲಿಯಿಂದ ಪಂಚಪಾತ್ರೆ ತುಂಬಿಸಿ ಆಚಮನಕ್ಕೆ ಕೈಯೊಡ್ಡಿದರು. ಅಡಿಗೆಯವನು ಅನ್ನವನ್ನು ಬಾಯಿಗೆ ಹಾಕದಿರಬಹುದು. ಆಚಮನದ ನೀರನ್ನು ಕುಡಿಯಲೇಬೇಕು.

"ಕೇಶವಾಯ ಸ್ವಾಹಾ" ಎಂದು ಒಂದುದ್ಧರಣೆ ಕುಡಿದರು. ಹುಬ್ಬು ಮೇಲೇರಿತು. "ನಾರಾಯಣಾಯ ಸ್ವಾಹಾ" ಎಂದು ಇನ್ನೊಂದು. ಕಣ್ಣು ತೆರೆಯಿತು. ಮಾಧವನ ಸರದಿಯನ್ನು ಅಲ್ಲಿಯೇ ಬಿಟ್ಟು ಒದ್ದೆ ಪಂಚೆಯಲ್ಲಿ ಹೊರಗೆ ಓಡಿದರು. ಮಧ್ವರಾಜರು ಆಗಷ್ಟೇ ಶಟರ್ ಎತ್ತುತ್ತಿದ್ದರು.

"ಧಣಿ! ನಿಮ್ಮ ನಲ್ಲಿಯಲ್ಲಿ ಸಮುದ್ರ ಬರ್ತಾ ಉಂಟು!"

"ಭಟ್ರೇ, ಪಂಚೆ."

"ಪಂಚೆ ಸಾಯಲಿ! ನೀರು ಉಪ್ಪು ಉಂಟು, ನೀರು!"

ಇಷ್ಟು ದಿನ ಯಾರಿಗೂ ಯಾಕೆ ತಿಳಿಯಲಿಲ್ಲವೆಂದು ಕೇಳಬಹುದು. ಗಿರಾಕಿಗಳಿಗೂ ಕೆಲಸದವರಿಗೂ ಕುಡಿಯಲು ಕಾರ್ಪೊರೇಶನ್ನಿನ ಬೇರೆ ನಲ್ಲಿ ಇತ್ತು, ಎದುರುಗಡೆ. ಅಡಿಗೆಗೂ ತೊಳೆಯುವುದಕ್ಕೂ ನೆಲದಡಿಯ ಟಾಂಕಿಯ ನೀರು, ಪಂಪಿನಿಂದ. ಆ ನೀರನ್ನು ಹಾಗೆಯೇ ಬಾಯಿಗೆ ಹಾಕಿಕೊಂಡವರು ಇಲ್ಲ. ಭಟ್ಟರ ಮೂಗಿಗೆ ಸಿಗದಿದ್ದದ್ದು ಮೂಗಿನ ತಪ್ಪಲ್ಲ. ಉಪ್ಪಿಗೆ ವಾಸನೆಯೇ ಇಲ್ಲ. ಸಮುದ್ರದ ವಾಸನೆಯೆಂದು ನಾವು ಎದೆಯುಬ್ಬಿಸಿ ಎಳೆದುಕೊಳ್ಳುವುದು ಪಾಚಿಯದು, ಕೆಸರಿನದು, ಮೀನಿನದು; ಅದನ್ನೆಲ್ಲ ಮಣ್ಣು ಸೋಸಿ ಹೊರಗಿಟ್ಟು, ಕರಗಿದ ಉಪ್ಪನ್ನು ಮಾತ್ರ ಒಳಗೆ ಬಿಟ್ಟಿತ್ತು.

ಮಧ್ವರಾಜರು ಮೂಲವನ್ನೇ ನೋಡುವ ಜಾತಿ. ಟಾಂಕಿಯ ಮುಚ್ಚಳ ಸರಿಸಿ, ಬಗ್ಗಿ, ಲೋಟದಲ್ಲಿ ಮೇಲಿನ ನೀರು ಎತ್ತಿ ಕುಡಿದರು. ಬಾಯಿ ಚಪ್ಪರಿಸಿದರು. ಇನ್ನೊಮ್ಮೆ ಕುಡಿದರು.

"ಎಳನೀರಿನ ಹಾಗೆ ಉಂಟಲ್ಲ ಭಟ್ರೇ." ಅವರ ಕಣ್ಣು ಹಿತ್ತಲಿನಲ್ಲಿದ್ದ ಬ್ಯಾಗಿನ ಮೇಲೆ ಬಿತ್ತು. "ಬಿಡ್ಲಿಕ್ಕೆ ಮನಸ್ಸಿದ್ರೆ ಬಿಡಿ. ನನ್ನ ಟಾಂಕಿಗೆ ಯಾಕೆ ಹೆಸರಿಡ್ತೀರಿ?"

ಭಟ್ಟರೂ ಬಗ್ಗಿ ಕುಡಿದರು. ಸಿಹಿ. ಕೈ ಹೋಯಿತು, ಪಿತೃಗಳು ಹೋದರು, ಈಗ ನಾಲಿಗೆಯೂ ಹೋಯಿತೇ? ಅವರು ಬ್ಯಾಗಿಗೆ ಕೈ ಹಾಕಿದರು.

ಅಷ್ಟರಲ್ಲಿ ಶರಣಬಸಮ್ಮ ಕೊಡ ಹಿಡಿದು ಬಂದು ಇಬ್ಬರನ್ನೂ ಸರಿಸಿದಳು. "ಹಾದಿ ಬಿಡ್ರಿ ಯಪ್ಪಾ, ನನಗ ಕೆಲಸ ಐತಿ."

"ನಲ್ಲಿ ಇರುವಾಗ ಟಾಂಕಿಯಿಂದ ಯಾಕೆ ನೀರು ತೆಗೀತಿ ಮಾರಾಯ್ತಿ?" ಎಂದರು ಮಧ್ವರಾಜರು.

"ವರ್ಷಾತು ಹೇಳಾಕತ್ತು, ಯಾರ್ ಕೇಳ್ತೀರಿ? ಅಮಾಸಿ ಬಂದ್ರ ನಳದ ನೀರಾಗ ಸಾಬಣ ನೊರಿ ಬರಾಂಗಿಲ್ಲ. ಟಾಕಿ ಮ್ಯಾಗಿನ ನೀರು ತಗೊಂಡ್ರ ಬರ್ತೈತಿ. ನಮ್ಮೂರ ಸವುಳ ಬಾವ್ಯಾಗೂ ಹಿಂಗ, ನೊರಿ ಇಲ್ಲ, ಬ್ಯಾಳಿ ಬೇಯಾಂಗಿಲ್ಲ. ನಿಮ್ಮ ಮುಂಬೈನೂ ಅಷ್ಟ ತಗೋರಿ."

ಭಟ್ಟರ ಕೈ ಬ್ಯಾಗಿನ ಮೇಲೆಯೇ ನಿಂತಿತು. ಮೇಲೆ ಒಂದು ನೀರು, ಕೆಳಗೆ ಒಂದು ನೀರು! ಇದು ಅವರ ಅಳಿವೆಯಲ್ಲಿ ಹಾಲು ಕುಡಿಯುವ ಮಕ್ಕಳೂ ಕಂಡ ಸಂಗತಿ. ಉಬ್ಬರ ಬಂದಾಗ ಸಮುದ್ರ ಹೊಳೆಯ ಮೇಲೆ ಬರುವುದಿಲ್ಲ, ಹೊಳೆಯ ಹೊಟ್ಟೆಯಡಿಗೆ ಬರುತ್ತದೆ. ಉಪ್ಪುನೀರು ತೂಕ, ಸಿಹಿನೀರು ಹಗುರ. ಅವರ ಅಮ್ಮ ದನಕ್ಕೆ ನೀರು ತರುವಾಗ ಕೊಡ ಮುಳುಗಿಸದೆ, ತಂಬಿಗೆಯಿಂದ ಮೇಲುಮೇಲಿನದನ್ನು ತೋಡಿ ತುಂಬಿಸುತ್ತಿದ್ದರು.

"ಧಣಿ, ಪಂಪಿನ ಪೈಪು ಟಾಂಕಿಯ ತಳಕ್ಕೆ ಉಂಟು ಅಲ್ವಾ? ನೀವು ಕುಡಿದದ್ದು ಮೇಲಿನದ್ದು. ನಲ್ಲಿಯದ್ದು ಕುಡೀರಿ."

ಮಧ್ವರಾಜರು ಅಡಿಗೆಮನೆಯ ನಲ್ಲಿಗೆ ಲೋಟ ಒಡ್ಡಿ ಒಂದು ಗುಟುಕು ಎಳೆದರು. ಆ ಮುಖವನ್ನು ನೋಡಿ ಶರಣಬಸಮ್ಮ ಅಂದು ಮೊದಲ ಬಾರಿಗೆ ನಕ್ಕಳೆಂದು ಹೇಳುತ್ತಾರೆ; ಆ ಸದ್ದಿಗೆ ನಾಲಾದ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಹಾರಿದವು. ಹಾರಿದ ಕಡೆ ನೋಡಿದರೆ ನಾಲಾ ಹಿಂದುಮುಂದಾಗಿ ಹರಿಯುತ್ತಿತ್ತು, ಖಾಡಿಯಿಂದ ಊರಿಗೆ. ಅಮಾವಾಸ್ಯೆಯ ದೊಡ್ಡ ಉಬ್ಬರ, ಇಲ್ಲಿಯವರು ಭರತಿ ಎನ್ನುವುದು, ಅಂಚಿನತ್ತ ಏರುತ್ತಿತ್ತು. ಪಾಯದ ಹೊಡೆತಕ್ಕೆ ಟಾಂಕಿಯ ತಳ ಎಲ್ಲೋ ಬಿರಿದು, ಸೂರ್ಯಚಂದ್ರರು ಒಟ್ಟಾಗಿ ಎಳೆಯುವ ಅಮಾವಾಸ್ಯೆಗೊಮ್ಮೆ, ಹುಣ್ಣಿಮೆಗೊಮ್ಮೆ ಸಮುದ್ರ ಅಡಿಗೆಮನೆಗೆ ಬಂದು ಹೋಗುತ್ತಿತ್ತು. ಮಳೆಗಾಲದಲ್ಲಿ ಖಾಡಿಯೇ ಮಳೆನೀರಿನಿಂದ ತೆಳ್ಳಗಾಗಿ ಉಪ್ಪು ಬಿಟ್ಟಿತ್ತು. ಕೀರ್ತಿ ಮಾತ್ರ ಜೋಯಿಸರಿಗೆ ಹೋಯಿತು.

ಸಮುದ್ರದ ನೀರಿನ ಒಂದು ಲೀಟರಿನಲ್ಲಿ ಮೂವತ್ತೈದು ಗ್ರಾಮಿನಷ್ಟು ಲವಣವೆಂದು ಪ್ರಣೀತಾಳ ವಿಜ್ಞಾನದ ಪುಸ್ತಕ ಹೇಳುತ್ತದೆ. ಹೆಚ್ಚಿನದು ನಮ್ಮ ನಿಮ್ಮ ಅಡಿಗೆಯ ಉಪ್ಪೇ, ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ. ಈ ಇಬ್ಬರು ದಾಯಾದಿಗಳು ಬೇಳೆಯ ಮೈಯನ್ನು ಹಿಡಿದು ಬಿಗಿಮಾಡುತ್ತಾರೆ, ಸೋಪನ್ನು ಹಿಡಿದು ನೊರೆಯಾಗದ ಗಸಿ ಮಾಡುತ್ತಾರೆ. ಉಪ್ಪುನೀರು ಕಬ್ಬಿಣವನ್ನಂತೂ ಹಪ್ಪಳದಂತೆ ತಿನ್ನುತ್ತದೆ. ಪಂಪು ಸತ್ತದ್ದು ಹಾಗೆ. ಟಾಂಕಿಗೆ ಸೋರಿದ್ದು ಸ್ವಲ್ಪವೇ ಆದರೂ, ಸ್ವಲ್ಪದಲ್ಲಿಯೇ ಸಮುದ್ರ ಸಮುದ್ರವಾಗಿರುತ್ತದೆ.

ಗವಂಡಿಯನ್ನು ಕರೆಸಿದರು. ಸಿಮೆಂಟು ಮೆತ್ತಿಸಿದರು. ಅವನು ಬೆವರು ಒರೆಸಿಕೊಂಡು, "ಖಾಡಿಯ ಮೇಲೆ ಮನೆ ಕಟ್ಟಿ ಖಾಡಿ ಬರಬಾರದು ಅಂದರೆ ಹೇಗೆ ಸೇಠ್?" ಎಂದು ಹಿಂದಿಯಲ್ಲಿ ಕೇಳಿ ಹೋದ. ಸೋರಿಕೆ ಕಡಿಮೆಯಾಯಿತು, ನಿಲ್ಲಲಿಲ್ಲ. ಇರುವ ದಾರಿ ಒಂದೇ: ದೊಡ್ಡ ಭರತಿ ಏರುವ ಮೊದಲೇ ಒಳ್ಳೆಯ ನೀರನ್ನು ಮೇಲಿನ ಡ್ರಮ್ಮುಗಳಿಗೆ ಏರಿಸಿ ಪಂಪು ಬಂದ್ ಮಾಡಬೇಕು; ಇಳಿದ ಮೇಲೆ ತಳದ ನೀರನ್ನು ಎತ್ತಿ ಚೆಲ್ಲಿ, ಬಾಯಿಗೆ ಬಿಟ್ಟು ನೋಡಿ, ಮತ್ತೆ ಶುರು ಮಾಡಬೇಕು. ಭರತಿಯೋ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ತಡವಾಗುತ್ತ ಹೋಗುವ ಪ್ರಾಣಿ. ಗಡಿಯಾರ ನೋಡಿದರೆ ಸಾಲದು, ನಾಲಾದ ಹತ್ತಿರ ಹೋಗಿಬಂದು, ಹೋಗಿಬಂದು ನೋಡುತ್ತಲೇ ಇರಬೇಕು.

"ಯಾರಿಗೆ ಆಗ್ತದೆ ಇಷ್ಟು ಓಡಾಟ?" ಎಂದರು ಮಧ್ವರಾಜರು. ಹೇಳಿ, ಭಟ್ಟರ ಕಾಲನ್ನು ನೋಡಿದರು.

ಅಂದು ಮಧ್ಯಾಹ್ನ ಮೇಲಿನ ನೀರಿನಲ್ಲಿ ಬೇಯಿಸಿದ ಬೇಳೆ ಸೌಟು ತಾಗಿದರೆ ಕರಗುತ್ತಿತ್ತು. ಸಂಜೆ ಭಟ್ಟರು ಬ್ಯಾಗು ಹಿಡಿದು ಮನೆಗೆ ಬಂದಾಗ ರಮಾಮಣಿಯಮ್ಮ ಬಾಗಿಲಲ್ಲೇ ನಿಂತಿದ್ದರು.

"ಪನ್ವೇಲಿನವರು ಫೋನು ಮಾಡಿದ್ರು. ಎಂತ ಹೇಳ್ಲಿ?"

"ಬರುದಿಲ್ಲ ಅಂತ ಹೇಳು. ಮತ್ತೆ ಬೆಳಿಗ್ಗೆ ಬೇಗ ಎಬ್ಬಿಸು, ಭರತಿ ನೋಡ್ಬೇಕು."

ಪ್ರಣೀತಾ ಒಳಗಿನಿಂದ ಕೂಗಿದಳು: "ಪಪ್ಪಾ, ಪಕ್ಕಾ?" ಭಟ್ಟರು ಬ್ಯಾಗಿನ ಪಂಚೆಗಳನ್ನು ತೆಗೆದು ಹಗ್ಗಕ್ಕೆ ಹಾಕಿದರು.

ಆ ಚಳಿಗಾಲವಿಡೀ ಅವರು ಹೋಟೆಲಿನಿಂದ ನಾಲಾಕ್ಕೆ, ನಾಲಾದಿಂದ ಹೋಟೆಲಿಗೆ ನಡೆದ ನಡಿಗೆಯನ್ನು ಉದ್ದಕ್ಕೆ ಜೋಡಿಸಿದರೆ ಉಡುಪಿಗೆ ಹೋಗಿ ಊಟ ಮಾಡಿ ಬರಬಹುದಿತ್ತು. ಅಮಾವಾಸ್ಯೆ ಹುಣ್ಣಿಮೆಗಳು ಬಂದವು, ಹೋದವು, ಬೇಳೆಗೆ ಗೊತ್ತಾಗಲಿಲ್ಲ. ಮಾರ್ಚ್ ಬಂತು. ಪ್ರಣೀತಾ ಒಂದೇ ಶಾಲೆಯ ಯೂನಿಫಾರಮ್ಮಿನಲ್ಲಿ ಬೋರ್ಡ್ ಪರೀಕ್ಷೆ ಬರೆದು, ಕೊನೆಯ ಪೇಪರಿನ ದಿನ ಮನೆಗೆ ಬಂದವಳೇ ಪೆನ್ನು ಎಸೆದು ಮಲಗಿದಳು.

ರಮಾಮಣಿಯಮ್ಮ ಗಂಡನಿಗೆ ಗಂಜಿ ಬಡಿಸಿ, ಎದುರಿಗೆ ಕೂತು, ನಿಧಾನಕ್ಕೆ ಹೇಳಿದರು: "ನನ್ನ ಮಾತು ಮುಗಿಯಿತು. ಇನ್ನು ನೀವು ಹೇಳಿದಲ್ಲಿಗೆ ಗೋಣಿ ಕಟ್ಟುವ. ಪನ್ವೇಲೋ, ಬದ್ಲಾಪುರವೋ?"

ಭಟ್ಟರು ನಿಂತುಕೊಂಡೇ ಗಂಜಿ ಸುರಿಯುತ್ತಿದ್ದರು. "ನಿನಗೆ ಮಂಡೆ ಸಮ ಉಂಟಾ? ನಾಡಿದ್ದು ಹುಣ್ಣಿಮೆ. ನಾನು ಹೋದ್ರೆ ಪಂಪು ಬಂದ್ ಮಾಡುದು ಯಾರು, ನಿನ್ನ ಅಪ್ಪನಾ?" ಎಂದು ಬಟ್ಟಲು ಇಟ್ಟು, ಚಪ್ಪಲಿ ಹುಡುಕಿದರು.